ಹಳೇ ಪೆಟ್ಟಿಗೆಗೆ ಹೊಸ ಬುದ್ಧಿ



ಮೊದಲು ಒಂದು ಒಗಟು. ಬಾಯಿಲ್ಲ, ಮಾತಾಡುತ್ತೆ. ಕಿವಿಯಿಲ್ಲ, ಕೇಳಿಸಿಕೊಳ್ಳುತ್ತೆ. ಗೋಡೆ ಮೇಲೆ ಕೂತು ಹಗಲೂ ರಾತ್ರಿ ಹಸಿರು ಕಣ್ಣು ಮಿಟುಕಿಸುತ್ತೆ. ಏನದು?

ಹಲ್ಲಿ ಅಂದವರಿಗೆ ಅರ್ಧ ಅಂಕ. ಸರಿಯಾದ ಉತ್ತರ, ವೈಫೈ ರೌಟರ್.

ಈ ಸಲ ನಾನು ಬರೆಯುತ್ತಿರುವುದು ಈ ಪೆಟ್ಟಿಗೆಯ ವಿಷಯ. ಗುಜರಿಗೆ ಹೋಗಬೇಕಿದ್ದ ಒಂದು ಹಳೇ ರೌಟರಿನ ಪ್ರೋಗ್ರಾಮ್ ಬದಲಾಯಿಸಿ, ನಮ್ಮನೆಯ ಹಿಂದಿನ ಕೋಣೆಗೆ ವೈಫೈ ಮುಟ್ಟಿಸಿದ ಕತೆ ಇದು. ನಾನು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಬರೆದಿದ್ದೇನೆ. ಯಾಕೆಂದರೆ ನೀವು ಮಾಡುವಾಗ ಅದೇ ತಪ್ಪು ಆಗಬಾರದು. ಲೇಖನ ಉದ್ದ ಆಯಿತೆಂದು ಸಂಪಾದಕರು ಮುಖ ಸಿಂಡರಿಸಿದರೂ ನಾಲ್ಕು ಹಾಳೆ ಕೊಟ್ಟಿದ್ದಾರೆ. ಅವರಿಗೆ ವಂದನೆಗಳು.

ತೊಂದರೆ ಏನಿತ್ತು?

ನಮ್ಮದು ಹಳೇ ಕಾಲದ ಉದ್ದ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಕೊಟ್ಟಿಗೆ ಪಕ್ಕ ಒಂದು ಕೋಣೆ. ಫೈಬರ್ ತಂತಿ ಬೀದಿ ಕಂಬದಿಂದ ಬಂದು ಜಗಲಿಯ ಗೋಡೆಯಲ್ಲಿರುವ ಪೆಟ್ಟಿಗೆಗೆ ಸೇರುತ್ತೆ. ಗೋಡೆಗಳೆಲ್ಲ ಮಣ್ಣಿನವು, ಒಂದೊಂದೂ ಒಂದು ಮೊಳ ದಪ್ಪ.

ನಮ್ಮಕ್ಕ ದೂರಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಹಗಲು ಗಾರ್ಮೆಂಟ್ಸ್ ಕೆಲಸ, ರಾತ್ರಿ 8ರಿಂದ 9ರವರೆಗೆ ಲ್ಯಾಪ್‌ಟಾಪಿನಲ್ಲಿ ಪಾಠ. ನಡುಮನೆಯಲ್ಲಿ ಅಜ್ಜಿ ಮಲಗಿರುತ್ತಾರೆ. ಹೋದ ವರ್ಷ ಲಕ್ವ ಹೊಡೆದ ಮೇಲೆ ಅವರಿಗೆ ನಿದ್ದೆ ಹತ್ತುವುದೇ ಕಷ್ಟ, ಅಲ್ಲಿ ಮಾತಾಡುವ ಹಾಗಿಲ್ಲ. ಹಿಂದಿನ ಕೋಣೆಯಲ್ಲಿ ವೈಫೈ ಸಿಗಲ್ಲ. ನಮ್ಮೂರು ಗುಡ್ಡದ ಮರೆಯಲ್ಲಿರುವುದರಿಂದ ಮೊಬೈಲ್ ಸಿಗ್ನಲ್ ಎಂಥದು ಅಂತ ನಿಮಗೆಲ್ಲ ಗೊತ್ತೇ ಇದೆ. ಉಳಿದಿದ್ದು ಜಗಲಿ. ಅಲ್ಲಿ ಸೊಳ್ಳೆ, ನಾಯಿ ಬೊಗಳುವ ಸದ್ದು, ಮಳೆ ಬಂದರೆ ಎರಚಲು. ದಾರಿಯಲ್ಲಿ ಹೋಗುವವರು ಬೇರೆ, "ಏನವ್ವಾ, ಇಷ್ಟೊತ್ನಲ್ಲಿ ಯಾರ ಜೊತೆ ಮಾತು?" ಅಂತ ಕೇಳೋರು.

ಒಂದು ದಿನ ಅಕ್ಕ ಲ್ಯಾಪ್‌ಟಾಪ್ ಮುಚ್ಚಿ, "ನಾನು ಪರೀಕ್ಷೆ ಕಟ್ಟಲ್ಲ, ಬಿಟ್ಟುಬಿಡ್ತೀನಿ" ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ಈ ಸಲ ರಾಗಿ ಕೈಕೊಟ್ಟಿತ್ತು. ಹೊಸ ಪೆಟ್ಟಿಗೆ ಕೊಡಿಸಿ ಅಂತ ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಗೋಡೆ ಏನು ಮಾಡುತ್ತೆ?

ವೈಫೈ ಅಂದರೆ ರೇಡಿಯೋ ಅಲೆ. ಸಾಮಾನ್ಯ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತೆ. ಅಂದರೆ ಒಂದು ಸೆಕೆಂಡಿಗೆ ಸುಮಾರು 240 ಕೋಟಿ ಕಂಪನ! ಈ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಒಂದು ಗೇಣಿಗಿಂತ ಚಿಕ್ಕದು. ಇನ್ನೊಂದು ಬಗೆ 5 ಗಿಗಾಹರ್ಟ್ಸ್‌ನದು. ಅದರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಗೋಡೆ ಅಲೆಯ ಒಂದಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತೆ. ಮಳೆಗಾಲದಲ್ಲಿ ನೆನೆದ ಗೋಡೆ ಇನ್ನೂ ಹೆಚ್ಚು ಹೀರುತ್ತೆ. ತಗಡು, ಕಬ್ಬಿಣದ ಬೀರು, ನೀರಿನ ಡ್ರಮ್ಮು ಇವೂ ಅಲೆಗೆ ಅಡ್ಡ.

ಇದನ್ನು ಅಳೆಯಬಹುದು. ಮೊಬೈಲಿನಲ್ಲಿ ವೈಫೈ ಅಳೆಯುವ ಆಪ್ ಹಾಕಿಕೊಂಡರೆ ಋಣ ಸಂಖ್ಯೆಯೊಂದು ಬರುತ್ತೆ. ನಮ್ಮ ಗಣಿತದ ಪಾಠದ ಋಣ ಸಂಖ್ಯೆಯೇ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. 3 ಕಡಿಮೆಯಾದರೆ ಶಕ್ತಿ ಅರ್ಧ, 10 ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಭಾಗ. ನಾನು ಅಳೆದಾಗ ಬಂದದ್ದು ಹೀಗೆ:

ಜಗಲಿ: –42
ನಡುಮನೆ: –58
ಅಡುಗೆಮನೆ: –67
ಹಿಂದಿನ ಕೋಣೆ: –86

–67ರವರೆಗೆ ಪಾಠ ಚೆನ್ನಾಗಿ ನಡೆಯುತ್ತೆ. –80 ದಾಟಿದರೆ ಮಾತು ತುಂಡು ತುಂಡಾಗುತ್ತೆ. ನಡುಮನೆಗೂ ಹಿಂದಿನ ಕೋಣೆಗೂ 28 ವ್ಯತ್ಯಾಸ. ಅದನ್ನು ಲೆಕ್ಕ ಹಾಕಿದರೆ ಶಕ್ತಿ 600ರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅಕ್ಕನ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಗೋಡೆ ನುಂಗುತ್ತಿದೆ ಅನ್ನುವುದು ಆಗ ಖಚಿತವಾಯಿತು.

ಪೆಟ್ಟಿಗೆಯೊಳಗೆ ಏನಿದೆ?

ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮಾವ ಒಂದು ಹಳೇ ರೌಟರ್ ತಂದಿದ್ದರು. "ಗುಜರಿಗೆ ಹಾಕ್ತಿದ್ದೆ, ಆಟ ಆಡ್ಕೋ" ಅಂತ ನನಗೆ ಕೊಟ್ಟರು. ನಾನು ಅದನ್ನು ನಡುವೆ ಇಟ್ಟು, ಮುಂದಿನ ಪೆಟ್ಟಿಗೆಯ ಮಾತು ಕೇಳಿಸಿಕೊಂಡು ಹಿಂದಕ್ಕೆ ದಾಟಿಸು ಅಂತ ಹೇಳೋಣ ಅಂದುಕೊಂಡೆ. ಆದರೆ ಅದರ ಪುಟ ತೆರೆದು ನೋಡಿದರೆ ಅಂಥ ಆಯ್ಕೆಯೇ ಇಲ್ಲ! ತಂತಿಯಿಂದ ಬಂದದ್ದನ್ನು ಗಾಳಿಗೆ ಬಿಡುವುದು ಮಾತ್ರ ಅದಕ್ಕೆ ಗೊತ್ತು. ಗಾಳಿಯಿಂದ ಬಂದದ್ದನ್ನು ಮತ್ತೆ ಗಾಳಿಗೆ ಬಿಡಲು ಬರಲ್ಲ.

ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು: "ಬರಲ್ಲ ಅಂದ್ರೆ ಅದಕ್ಕೆ ಆಗಲ್ಲ ಅಂತಲ್ಲ ಕಣಮ್ಮ, ಕಲಿಸಿಲ್ಲ ಅಂತ." ಈ ಒಂದು ಮಾತಿನಿಂದಲೇ ಮುಂದಿನದ್ದೆಲ್ಲ ಶುರುವಾಯಿತು.

ರೌಟರ್ ಅಂದರೆ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ, ಅಷ್ಟೇ. ಒಳಗೆ ಪ್ರೊಸೆಸರ್ ಇದೆ, ಕೆಲಸ ಮಾಡುವಾಗ ಬಳಸುವ ರ್‍ಯಾಮ್ ಇದೆ, ಕರೆಂಟು ಹೋದರೂ ಮರೆಯದ ಫ್ಲ್ಯಾಶ್ ಎಂಬ ನೆನಪು ಇದೆ. ಆ ಫ್ಲ್ಯಾಶ್‌ನಲ್ಲಿ ಬರೆದಿಟ್ಟ ಪ್ರೋಗ್ರಾಮಿಗೆ ಫರ್ಮ್‌ವೇರ್ ಅಂತ ಹೆಸರು. ಕಂಪನಿಯವರು ಬರೆದಿಟ್ಟದ್ದನ್ನು ಅಳಿಸಿ ಬೇರೆಯವರು ಬರೆದ ಫರ್ಮ್‌ವೇರ್ ಹಾಕಿದರೆ, ಅದೇ ಪೆಟ್ಟಿಗೆ ಹೊಸ ಕೆಲಸ ಕಲಿಯುತ್ತೆ.

ಈ ದಾರಿ ತೆರೆದದ್ದು ಹೇಗೆ?

ಇದಕ್ಕೊಂದು ಚರಿತ್ರೆ ಇದೆ. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬ ಪ್ರೋಗ್ರಾಮ್ ಬರೆಯಲು ಶುರು ಮಾಡಿದರು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಆದರೆ ಒಂದು ಷರತ್ತು. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ, ಅದರ ಮೂಲ ಬರಹವನ್ನೂ ಕೊಡಬೇಕು. ಈ ಷರತ್ತಿನ ಪತ್ರಕ್ಕೆ ಜಿ.ಪಿ.ಎಲ್. ಅನ್ನುತ್ತಾರೆ. ಅದನ್ನು ಬರೆದವರು ಅಮೆರಿಕದ ರಿಚರ್ಡ್ ಸ್ಟಾಲ್ಮನ್. ನಮ್ಮಲ್ಲಿ ಬಿತ್ತನೆ ರಾಗಿ ಕಡ ಕೊಡ್ತಾರಲ್ಲ, ಅದೇ ರೀತಿ. ಪಡೆದವನು ಬೆಳೆದ ಮೇಲೆ ಮುಂದಿನವನು ಕೇಳಿದರೆ ಬೀಜ ಇಲ್ಲ ಅನ್ನುವ ಹಾಗಿಲ್ಲ.

2002ರ ಕೊನೆಗೆ ಅಮೆರಿಕದ ಲಿಂಕ್‌ಸಿಸ್ ಕಂಪನಿ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ-ಕಪ್ಪು ಬಣ್ಣದ ರೌಟರ್ ಹೊರತಂದಿತು. ಎರಡು ಕೊಂಬಿನ ಹಾಗೆ ಅದಕ್ಕೆ ಎರಡು ಆಂಟೆನಾ. 2003ರಲ್ಲಿ ಅದರೊಳಗೆ ಇರುವುದು ಲಿನಕ್ಸ್ ಎಂದು ಕೆಲವರು ಪತ್ತೆ ಮಾಡಿದರು. ಹಾಗಾದರೆ ಮೂಲ ಬರಹ ಕೊಡಿ ಎಂದು ಕೇಳಿದರು. ಆ ವರ್ಷವೇ ಲಿಂಕ್‌ಸಿಸ್ ಅನ್ನು ಸಿಸ್ಕೋ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತ್ತು. ಕೊನೆಗೆ ಮೂಲ ಬರಹ ಹೊರಗೆ ಬಂತು. ಅದನ್ನು ಆಧಾರ ಮಾಡಿಕೊಂಡು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಫರ್ಮ್‌ವೇರ್ ಕೆಲಸ ಆರಂಭವಾಯಿತು. ಡಿಡಿ-ಡಬ್ಲ್ಯೂಆರ್‌ಟಿ, ಟೊಮ್ಯಾಟೊ ಎಂಬ ಬೇರೆ ಫರ್ಮ್‌ವೇರ್‌ಗಳೂ ಬಂದವು. ಹೆಸರಿನಲ್ಲಿರುವ ಡಬ್ಲ್ಯೂಆರ್‌ಟಿ ಆ ಮೊದಲ ಪೆಟ್ಟಿಗೆಯ ನೆನಪು.

ಆಮೇಲೆ ಒಂದು ತಮಾಷೆ ನಡೆಯಿತು. 2005ರಲ್ಲಿ ಕಂಪನಿ ಅದೇ ಪೆಟ್ಟಿಗೆಯ ಹೊಸ ಆವೃತ್ತಿಯಲ್ಲಿ ಲಿನಕ್ಸ್ ತೆಗೆದುಹಾಕಿತು. ಫ್ಲ್ಯಾಶ್ 4 ಎಂ.ಬಿ.ಯಿಂದ 2ಕ್ಕೆ, ರ್‍ಯಾಮ್ 16 ಎಂ.ಬಿ.ಯಿಂದ 8ಕ್ಕೆ ಇಳಿಯಿತು. ಆದರೆ ತಿದ್ದಿ ಬಳಸುವ ಜನ ಬಿಡಲಿಲ್ಲ, ಹಳೆಯದೇ ಬೇಕೆಂದರು. ಆಗ ಹಳೆಯ ಮಾದರಿಯನ್ನೇ ಹೆಸರಿನ ಕೊನೆಗೆ ಎಲ್ ಅಕ್ಷರ ಸೇರಿಸಿ, ಡಬ್ಲ್ಯೂಆರ್‌ಟಿ54ಜಿಎಲ್ ಎಂದು ಮಾರಿದರು. ಎಲ್ ಅಂದರೆ ಲಿನಕ್ಸ್!

ಓಪನ್‌ಡಬ್ಲ್ಯೂಆರ್‌ಟಿ ಇಂದಿಗೂ ಬೆಳೆಯುತ್ತಿದೆ. 2016ರಲ್ಲಿ ಬರೆಯುವವರಲ್ಲೇ ಮನಸ್ತಾಪ ಬಂದು ಎರಡು ಪಾಲಾಗಿ, 2018ರಲ್ಲಿ ಮತ್ತೆ ಒಂದಾದರು. ನಮ್ಮೂರ ದಾಯಾದಿಗಳ ಹಾಗೆ ಅಲ್ಲ, ಬೇಗ ರಾಜಿ ಆದರು. 2024ರಲ್ಲಿ ಅವರದೇ ಹೆಸರಿನ ರೌಟರ್ ಕೂಡ ಬಂತು. ಜರ್ಮನಿಯ ಫ್ರೈಫುಂಕ್ ಎಂಬ ಸ್ವಯಂಸೇವಕರು ಇದನ್ನೇ ಬಳಸಿ ಊರೂರಲ್ಲಿ ಕಿಟಕಿಯಿಂದ ಕಿಟಕಿಗೆ ವೈಫೈ ದಾಟಿಸುತ್ತಾರೆ. ನಮ್ಮ ರಾಜ್ಯದಲ್ಲೂ ತುಮಕೂರು ಹತ್ತಿರದ ದೇವರಾಯನದುರ್ಗದ ಸುತ್ತ, ಹಳ್ಳಿಯವರದೇ ಆದ ವೈಫೈ ಜಾಲ ಕಟ್ಟುವ ಕೆಲಸವನ್ನು ಜನಸ್ತು ಎಂಬ ಸಂಸ್ಥೆ ಮಾಡಿದೆ.

ಅಂಚೆಯ ಲೆಕ್ಕ

ಗಾಳಿಯಿಂದ ಗಾಳಿಗೆ ದಾಟಿಸುವುದು ಯಾಕೆ ಅಷ್ಟು ಕಷ್ಟ? ಇದು ನನಗೆ ತುಂಬಾ ದಿನ ಅರ್ಥವಾಗಿರಲಿಲ್ಲ. ಅಂಚೆ ಉದಾಹರಣೆಯಿಂದ ಅರ್ಥವಾಯಿತು.

ಮೊಬೈಲು ರೌಟರಿಗೆ ಕಳಿಸುವ ಪ್ರತಿ ಕಾಗದದ ಮೇಲೆ 3 ವಿಳಾಸ ಇರುತ್ತೆ. ಒಂದು, ಕಾಗದ ಈಗ ಯಾವ ರೌಟರಿನ ಕೈಗೆ ಹೋಗಬೇಕು. ಎರಡು, ಕಾಗದ ತಂದವರು ಯಾರು. ಮೂರು, ಕೊನೆಗೆ ಯಾರಿಗೆ ಸೇರಬೇಕು. ಬರೆದವರು ಯಾರು ಅಂತ ಬೇರೆ ಜಾಗ ಇಲ್ಲ. ಯಾಕೆಂದರೆ ತಂದವನೇ ಬರೆದವನು ಅಂತ ರೌಟರ್ ನಂಬುತ್ತೆ.

ಈಗ ನಡುವೆ ಹಳೇ ಪೆಟ್ಟಿಗೆ ಬಂತು ಅಂದುಕೊಳ್ಳಿ. ಬರೆದದ್ದು ಅಕ್ಕನ ಲ್ಯಾಪ್‌ಟಾಪ್, ತಂದದ್ದು ಹಳೇ ಪೆಟ್ಟಿಗೆ. ಎರಡು ಹೆಸರು ಬೇಕು, ಜಾಗ ಒಂದೇ. ಮುಂದಿನ ರೌಟರಿಗೆ ಗೊಂದಲ.

ಇದಕ್ಕೆ ಎರಡು ಉಪಾಯ. ಮೊದಲನೆಯದು, 4 ವಿಳಾಸ ಇರುವ ಕಾಗದವನ್ನೇ ಬಳಸುವುದು. ಇದಕ್ಕೆ ಡಬ್ಲ್ಯೂ.ಡಿ.ಎಸ್. ಅಂತ ಹೆಸರು. ಇದೇ ಒಳ್ಳೆಯ ದಾರಿ. ಆದರೆ ಎರಡೂ ಕಡೆಯ ಪೆಟ್ಟಿಗೆಗೆ ಇದು ಗೊತ್ತಿರಬೇಕು. ನಮ್ಮ ಜಗಲಿಯ ಪೆಟ್ಟಿಗೆ ಇಂಟರ್ನೆಟ್ ಕಂಪನಿಯವರದು, ಅದಕ್ಕೆ ಗೊತ್ತಿಲ್ಲ, ಅದನ್ನು ನಾವು ಮುಟ್ಟುವ ಹಾಗೂ ಇಲ್ಲ.

ಎರಡನೆಯದು, ನಡುವಿನ ಪೆಟ್ಟಿಗೆ ಎಲ್ಲ ಕಾಗದದ ಮೇಲೂ ತನ್ನದೇ ಹೆಸರು ಹಾಕಿ ಮುಂದೆ ಕೊಡುವುದು. ಹಿಂದೆ ಯಾರ್‍ಯಾರಿದ್ದಾರೆ ಅಂತ ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಅವರವರಿಗೆ ಹಂಚುವುದು. ಹಿಂದೆ ಇಡೀ ಹಟ್ಟಿಯ ಕಾಗದಗಳು ಅಂಗಡಿ ಶೆಟ್ಟರ ವಿಳಾಸಕ್ಕೆ ಬಂದು, ಅವರೇ ಕರೆದು ಕೊಡುತ್ತಿದ್ದರಂತೆ. ಹಾಗೆಯೇ ಇದು. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಈ ಕೆಲಸಕ್ಕೆ ರಿಲೇಡಿ ಎಂಬ ಚಿಕ್ಕ ಪ್ರೋಗ್ರಾಮ್ ಇದೆ. ನಾನು ಬಳಸಿದ್ದು ಇದನ್ನೇ.

ಪೆಟ್ಟಿಗೆ ಹೋಗಿ ಇಟ್ಟಿಗೆ ಆದದ್ದು

ಮೊದಲು ಪೆಟ್ಟಿಗೆ ತಿರುಗಿಸಿ ತಳದ ಚೀಟಿ ಓದಿದೆ. ಮಾದರಿಯ ಹೆಸರಿನ ಜೊತೆ ಆವೃತ್ತಿ ಸಂಖ್ಯೆಯೂ ಇರುತ್ತೆ. ಹೆಸರು ಒಂದೇ ಇದ್ದರೂ ಆವೃತ್ತಿ 2 ಮತ್ತು 3ರ ಒಳಗೆ ಬೇರೆ ಬೇರೆ ಚಿಪ್ ಇರಬಹುದು. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಹಾಕಿದರೆ ಕೆಟ್ಟಿತು. ಆಮೇಲೆ ಓಪನ್‌ಡಬ್ಲ್ಯೂಆರ್‌ಟಿಯವರ ಪಟ್ಟಿಯಲ್ಲಿ ನಮ್ಮ ಪೆಟ್ಟಿಗೆ ಇದೆಯಾ ಅಂತ ನೋಡಿದೆ. ಇತ್ತು! ಫ್ಲ್ಯಾಶ್ 16 ಎಂ.ಬಿ., ರ್‍ಯಾಮ್ 64 ಎಂ.ಬಿ. ಸ್ವಲ್ಪ ಬಿಗಿ, ಆದರೂ ನಡೆಯುತ್ತೆ. 4 ಎಂ.ಬಿ. ಫ್ಲ್ಯಾಶ್, 32 ಎಂ.ಬಿ. ರ್‍ಯಾಮ್ ಇರುವ ತೀರಾ ಹಳೆಯವಕ್ಕೆ ಈಗಿನ ಆವೃತ್ತಿಗಳು ಹಿಡಿಸಲ್ಲ.

ಸರಿಯಾದ ಕಡತ ಇಳಿಸಿಕೊಂಡು, ಲ್ಯಾಪ್‌ಟಾಪಿಗೂ ಪೆಟ್ಟಿಗೆಗೂ ತಂತಿ ಹಾಕಿ, ಹಳೆಯ ಪುಟದಲ್ಲೇ "ಅಪ್‌ಗ್ರೇಡ್" ಒತ್ತಿದೆ. ಬರೆಯಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಕರೆಂಟು ಹೋಯಿತು!

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪೆಟ್ಟಿಗೆಗೆ ಇಲ್ಲ. ಅರ್ಧ ಬರೆದ ಹಾಗೇ ನಿಂತುಬಿಟ್ಟಿತು. ಕರೆಂಟು ಬಂದ ಮೇಲೆ ಒಂದೇ ದೀಪ ಮಿಟುಕುತ್ತೆ, ಬೇರೇನೂ ಇಲ್ಲ. ಹೀಗೆ ಸತ್ತ ರೌಟರಿಗೆ ಎಲ್ಲ ಕಡೆ "ಇಟ್ಟಿಗೆ" ಅಂತಲೇ ಕರೆಯುತ್ತಾರಂತೆ. ನನ್ನ ಪೆಟ್ಟಿಗೆ ಇಟ್ಟಿಗೆ ಆಗಿತ್ತು. ಅಕ್ಕ ಒಂದು ಮಾತೂ ಬೈಯಲಿಲ್ಲ, ಸುಮ್ಮನೆ ಲ್ಯಾಪ್‌ಟಾಪ್ ತಗೊಂಡು ಜಗಲಿಗೆ ಹೋದಳು. ಬೈದಿದ್ದರೇ ವಾಸಿ ಇತ್ತು.

ಮರುದಿನ ಮೇಷ್ಟ್ರ ಜೊತೆ ಕೂತು ಓದಿದಾಗ ಒಂದು ವಿಷಯ ತಿಳಿಯಿತು. ಫ್ಲ್ಯಾಶ್‌ನ ಮೊದಲಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮ್ ಬೇರೆಯೇ ಇರುತ್ತೆ. ಪೆಟ್ಟಿಗೆಯನ್ನು ನಿದ್ದೆಯಿಂದ ಎಬ್ಬಿಸುವುದು ಅದರ ಕೆಲಸ. ನಾವು ಬರೆಯುವಾಗ ಅದನ್ನು ಮುಟ್ಟಿರುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ರೀಸೆಟ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಅದು ತಂತಿಯ ಆ ಕಡೆ ಇರುವ ಕಂಪ್ಯೂಟರನ್ನು "ನನಗೆ ಫರ್ಮ್‌ವೇರ್ ಕೊಡು" ಅಂತ ಕೇಳುತ್ತೆ. ಕಂಪ್ಯೂಟರಿಗೆ ಅದು ಹುಡುಕುವ ವಿಳಾಸ ಕೊಟ್ಟು, ಅದು ಕೇಳುವ ಹೆಸರಲ್ಲಿ ಕಡತ ಇಟ್ಟು ಕಾಯಬೇಕು. ಈ ವಿವರ ಒಂದೊಂದು ಮಾದರಿಗೆ ಒಂದೊಂದು ಥರ.

ನಾಲ್ಕು ಸಲ ಮಾಡಿದರೂ ಆಗಲಿಲ್ಲ. ಕಡತದ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಬರೆದಿದ್ದೆ! ತಿದ್ದಿ ಐದನೇ ಸಲ ಮಾಡಿದಾಗ ದೀಪಗಳೆಲ್ಲ ಒಟ್ಟಿಗೆ ಹತ್ತಿ, ಆರಿ, ಮತ್ತೆ ಹತ್ತಿದವು. ಈ ಸಲ ಜೆರಾಕ್ಸ್ ಅಂಗಡಿ ಅಣ್ಣನಿಂದ ರೌಟರಿಗೆ ಹಾಕುವ ಚಿಕ್ಕ ಯುಪಿಎಸ್ ಕಡ ತಂದಿದ್ದೆ. ಬುದ್ಧಿ ಬಂದಿತ್ತು.

ಎಲ್ಲಿ ಇಡಬೇಕು?

ಓಪನ್‌ಡಬ್ಲ್ಯೂಆರ್‌ಟಿ ಹಾಕಿದ ಕೂಡಲೆ ವೈಫೈ ಬರಲ್ಲ, ಸಾಮಾನ್ಯವಾಗಿ ಅದು ಆಫ್ ಆಗಿರುತ್ತೆ. ಗಾಬರಿಯಾಗಬೇಡಿ. ತಂತಿಯಿಂದಲೇ ಒಳಗೆ ಹೋಗಿ, ಮೊದಲು ಗುಪ್ತಪದ ಹಾಕಿ, ದೇಶ ಭಾರತ ಎಂದು ಆರಿಸಿ. ಆಮೇಲೆ ಅದನ್ನು ಮುಂದಿನ ರೌಟರಿಗೆ ಗಿರಾಕಿಯಾಗಿ ಸೇರಿಸಿ, ರಿಲೇಡಿ ಹಾಕಿ, ಹಿಂದಿನವರಿಗೆ ವೈಫೈ ಬಿಡುವಂತೆ ಹೇಳಬೇಕು. ಎರಡೂ ಕಡೆ ಹೆಸರು, ಗುಪ್ತಪದ ಒಂದೇ ಇಟ್ಟರೆ ಮೊಬೈಲು ಮನೆಯೊಳಗೆ ಓಡಾಡುವಾಗ ತಾನೇ ಬದಲಾಯಿಸಿಕೊಳ್ಳುತ್ತೆ.

ಇಲ್ಲಿ ನನ್ನ ಎರಡನೇ ತಪ್ಪು. ಹಿಂದಿನ ಕೋಣೆಯಲ್ಲಿ ವೈಫೈ ಬೇಕಲ್ಲ ಅಂತ ಪೆಟ್ಟಿಗೆಯನ್ನು ಅಲ್ಲೇ ಇಟ್ಟೆ. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತೆ, ಆದರೆ ಇಂಟರ್ನೆಟ್ ಮಾತ್ರ ತೆವಳುತ್ತೆ! ಪೆಟ್ಟಿಗೆಗೇ –86 ಕೇಳಿಸುತ್ತಿರುವಾಗ ಅದು ಏನನ್ನು ದಾಟಿಸೀತು? ಬತ್ತಿದ ಬಾವಿಗೆ ಎಷ್ಟು ದೊಡ್ಡ ಬಿಂದಿಗೆ ಬಿಟ್ಟರೂ ನೀರು ಬರಲ್ಲ. ಆಮೇಲೆ –67 ಇದ್ದ ಅಡುಗೆಮನೆಯ ಅಟ್ಟದ ಮೇಲೆ ಇಟ್ಟೆ, ಸರಿಹೋಯಿತು. ನೆನಪಿಡಿ: ದಾಟಿಸುವ ಪೆಟ್ಟಿಗೆ ಸಿಗ್ನಲ್ ಇಲ್ಲದ ಕಡೆ ಅಲ್ಲ, ಇನ್ನೂ ಚೆನ್ನಾಗಿ ಇರುವ ಕೊನೆಯ ಜಾಗದಲ್ಲಿ ಇರಬೇಕು.

ವೇಗದ ಲೆಕ್ಕವೂ ಇದೆ. ಒಂದೇ ರೇಡಿಯೋ ಇರುವ ಪೆಟ್ಟಿಗೆ ಒಂದೇ ಸಲ ಕೇಳಿ ಮಾತಾಡಲಾರದು. ಒಂದು ಸಲ ಕೇಳಬೇಕು, ಅದನ್ನೇ ಮತ್ತೊಂದು ಸಲ ಹೇಳಬೇಕು. ಹಾಗಾಗಿ ವೇಗ ಅರ್ಧ, ಅಥವಾ ಅದಕ್ಕೂ ಕಡಿಮೆ. ನಮ್ಮಲ್ಲಿ ಜಗಲಿಯಲ್ಲಿ 40 ಇದ್ದದ್ದು ಹಿಂದಿನ ಕೋಣೆಯಲ್ಲಿ 14 ಬಂತು. ಅಕ್ಕನ ಪಾಠಕ್ಕೆ 3 ಇದ್ದರೆ ಸಾಕು. ಎರಡು ರೇಡಿಯೋ ಇರುವ ಪೆಟ್ಟಿಗೆಯಾದರೆ ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಹೇಳಬಹುದು, ಅಷ್ಟು ನಷ್ಟ ಇಲ್ಲ. ಎಲ್ಲಕ್ಕಿಂತ ಒಳ್ಳೇದು ತಂತಿ. 100 ಮೀಟರ್‌ವರೆಗೆ ನೆಟ್‌ವರ್ಕ್ ತಂತಿ ಎಳೆದು ಕೊನೆಯಲ್ಲಿ ಹಳೇ ಪೆಟ್ಟಿಗೆ ಇಟ್ಟರೆ ಮೂರು ವಿಳಾಸದ ಗೊಂದಲವೇ ಇಲ್ಲ.

ಪವರ್ ಜಾಸ್ತಿ ಮಾಡಬಹುದಲ್ಲ?

ನಮ್ಮ ತರಗತಿಯ ಹುಡುಗರು ಕೇಳಿದ ಪ್ರಶ್ನೆ. ಈ ಫರ್ಮ್‌ವೇರ್‌ನಲ್ಲಿ ಪವರ್ ಬದಲಾಯಿಸುವ ಜಾಗ ಇದೆ. ಆದರೆ ರೌಟರ್ ಜೋರಾಗಿ ಕೂಗಿದರೂ, ಮೊಬೈಲಿನ ದನಿ ಸಣ್ಣದೇ ಅಲ್ಲವೇ? ಜಾತ್ರೆಯಲ್ಲಿ ಮೈಕಿನವರು ಕೂಗಿದ್ದು ನಮಗೆ ಕೇಳುತ್ತೆ, ನಾವು ಓಗೊಟ್ಟದ್ದು ಅವರಿಗೆ ಕೇಳಲ್ಲ. ಜೊತೆಗೆ ಕಾನೂನೂ ಇದೆ. 2005ರ ನಿಯಮದಂತೆ ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿ ಇಲ್ಲದೆ ಬಳಸಬಹುದು, ಆದರೆ ಪವರ್ 1 ವ್ಯಾಟ್ ಮೀರಬಾರದು, ಆಂಟೆನಾ ಸೇರಿ 4 ವ್ಯಾಟ್ ಮೀರಬಾರದು. ಆ ಪಟ್ಟಿ ಎಲ್ಲರದು, ಊರ ಕೆರೆ ಇದ್ದ ಹಾಗೆ.

ಮಾಡುವ ಮೊದಲು

1. ಇಂಟರ್ನೆಟ್ ಕಂಪನಿಯವರು ಕೊಟ್ಟ ಪೆಟ್ಟಿಗೆಯನ್ನು ಮುಟ್ಟಬೇಡಿ, ಅದು ಅವರದು. ಮನೆಯಲ್ಲಿ ಬಿದ್ದಿರುವ ಹಳೆಯದರಲ್ಲಿ ಕಲಿಯಿರಿ.
2. ತಳದ ಚೀಟಿಯಲ್ಲಿ ಮಾದರಿ ಮತ್ತು ಆವೃತ್ತಿ ಎರಡನ್ನೂ ಬರೆದುಕೊಳ್ಳಿ.
3. ಇಟ್ಟಿಗೆ ಆದರೆ ಎಬ್ಬಿಸುವುದು ಹೇಗೆ ಅಂತ ಮೊದಲೇ ಓದಿ, ಬೇಕಾದ ಕಡತ ಇಳಿಸಿಟ್ಟುಕೊಳ್ಳಿ.
4. ತಂತಿಯಲ್ಲೇ ಬರೆಯಿರಿ, ವೈಫೈಯಲ್ಲಿ ಬೇಡ. ಕರೆಂಟನ್ನು ನಂಬಬೇಡಿ.
5. ಪಕ್ಕದ ಮನೆಯವರ ವೈಫೈಯನ್ನು ಅವರನ್ನು ಕೇಳದೆ ದಾಟಿಸಬೇಡಿ.

ಕೊನೆಗೆ

ಅಕ್ಕ ಈಗ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪಾಠ ಕೇಳುತ್ತಾಳೆ. ಮೊದಲ ದಿನವೇ ಅವಳು ಪ್ರಶ್ನೆ ಕೇಳುತ್ತಿದ್ದಾಗ ನಮ್ಮ ಗೌರಿ "ಅಂಬಾ" ಅಂದಳಂತೆ, ಪಾಠ ಮಾಡುತ್ತಿದ್ದವರೂ ನಕ್ಕರಂತೆ. ಪರೀಕ್ಷೆ ಶುಲ್ಕ ಕಟ್ಟಿಯಾಯಿತು. ದೀಪಾವಳಿಗೆ ತಂತಿ ಎಳೆಸೋಣ ಅಂತ ಅಪ್ಪ ಅಂದಿದ್ದಾರೆ. ಅಜ್ಜಿಗೆ ಇದೆಲ್ಲ ಗೊತ್ತಿಲ್ಲ, ರಾತ್ರಿ ಮನೆ ನಿಶ್ಶಬ್ದವಾಗಿದೆ ಅನ್ನುವುದಷ್ಟೇ ಗೊತ್ತು.

ನಿಮ್ಮನೆಯ ಅಟ್ಟದ ಮೇಲೆ ಹಳೇ ರೌಟರ್ ಇದ್ದರೆ ಧೂಳು ಒರೆಸಿ, ತಳದ ಚೀಟಿ ಓದಿ, ಊಟದ ಬಿಡುವಿನಲ್ಲಿ ನನಗೆ ತೋರಿಸಿ. ಸೇರಿ ನೋಡೋಣ.

ಯೋಚಿಸಿ: ಒಂದೇ ರೇಡಿಯೋದ ಒಂದು ಪೆಟ್ಟಿಗೆ ನಡುವೆ ಇಟ್ಟರೆ ವೇಗ ಅರ್ಧ. ಅಂಥ ಇನ್ನೊಂದು ಪೆಟ್ಟಿಗೆಯನ್ನು ಅದರ ಮುಂದೆ ಸಾಲಾಗಿ ಇಟ್ಟರೆ ಎಷ್ಟು? ಉತ್ತರ ಮುಂದಿನ ಸಂಚಿಕೆಯಲ್ಲಿ.

– 10ನೇ ತರಗತಿ ವಿದ್ಯಾರ್ಥಿನಿ